ನಲವತ್ತರ ಗೆರೆ

ನನ್ನ ತಂಗಿಯ ಮೂಗಿಗೆ ಕಾರ್ಖಾನೆಯವರು ವಿಮೆ ಮಾಡಿಸಿದ್ದಾರೆ. ನನ್ನ ಮೂಗು ಇರುವುದು ಕನ್ನಡಕ ಕೂರಿಸುವುದಕ್ಕೆ.

ಈ ಮಾತನ್ನು ಊಟದ ಕೋಣೆಯಲ್ಲಿ ಹೇಳಿದಾಗಲೆಲ್ಲ ಎಲ್ಲರೂ ನಗುತ್ತಾರೆ, ತಂಗಿಯೂ ನಗುತ್ತಾಳೆ. ತಮಾಷೆಗೆ ಹೇಳಿದ್ದಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು. ಹೊಟ್ಟೆಕಿಚ್ಚಿನಲ್ಲಿ ನನ್ನದು ಇಪ್ಪತ್ತಮೂರು ವರ್ಷದ ಸರ್ವೀಸು. ಕೆಂಡದ ಮೇಲೆ ಬೂದಿ ಮುಚ್ಚಿ ಇಟ್ಟುಕೊಳ್ಳುವುದು ಹೇಗೆ ಅಂತ ಯಾರಾದರೂ ನನ್ನನ್ನು ಕೇಳಬೇಕು.

ನಾವಿಬ್ಬರೂ ಒಂದೇ ವಿಸ್ಕಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇವೆ. ಅವಳು ಮೇಲಿನ ಮಹಡಿಯ ಬೆಳಕಿನ ಕೋಣೆಯಲ್ಲಿ, ನಾನು ಕೆಳಗೆ ಪೀಪಾಯಿಗಳ ಗೋದಾಮಿನಲ್ಲಿ. ಅವಳ ಕೆಲಸ ಮೂಸುವುದು. ಯಾವ ಪೀಪಾಯಿ ಹದಕ್ಕೆ ಬಂತು, ಯಾವುದು ಇನ್ನೂ ಹಸಿ, ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಅವಳ ಮೂಗು ತೀರ್ಪು ಕೊಡುತ್ತದೆ. ಕಾರ್ಖಾನೆಯಲ್ಲಿ ಅವಳನ್ನು ಮೂಗಮ್ಮ ಅನ್ನುತ್ತಾರೆ, ನನ್ನನ್ನು ಗೋದಾಮಿನಕ್ಕ ಅನ್ನುತ್ತಾರೆ. ನಾನು ಪೀಪಾಯಿಗಳನ್ನು ತಟ್ಟಿ ಸೋರಿಕೆ ನೋಡುತ್ತೇನೆ, ಸಡಿಲಾದ ಕಬ್ಬಿಣದ ಪಟ್ಟಿ ಬಿಗಿಯುತ್ತೇನೆ, ವರ್ಷಕ್ಕೊಮ್ಮೆ ಬಿರಡೆ ಬಿಚ್ಚಿ ಮಾದರಿ ತೆಗೆದು ನೂರಕ್ಕೆ ಎಷ್ಟು ಪಾಲು ಆಲ್ಕೋಹಾಲ್ ಇದೆ ಎಂದು ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ನಾನು ಹೇಳಿದ ಅಂಕಿಯನ್ನು ಮೊನ್ನೆಮೊನ್ನೆಯವರೆಗೆ ಯಾರೂ ಪ್ರಶ್ನೆ ಮಾಡಿದ್ದಿಲ್ಲ.

ಅವಳು ಕೂತಿರುವ ಕುರ್ಚಿ ನನ್ನದಾಗಬೇಕಿತ್ತು. ಅಪ್ಪ ಇದೇ ಕಾರ್ಖಾನೆಯಲ್ಲಿ ಪೀಪಾಯಿ ಕಟ್ಟುವ ಬಡಗಿ. ನಾನು ಹದಿನೆಂಟಕ್ಕೆ ಕೆಲಸಕ್ಕೆ ಸೇರಿದಾಗ ಮೇಲಿನ ಕೋಣೆಯಲ್ಲಿ ಇದ್ದವರು ಮೂಗಜ್ಜ. ಅವರು ಹೊಸಬರ ಕಣ್ಣಿಗೆ ಬಟ್ಟೆ ಕಟ್ಟಿ ಹನ್ನೆರಡು ಲೋಟ ಮೂಸಿಸುತ್ತಿದ್ದರು: ಲವಂಗ, ಸೋಪು, ಒದ್ದೆ ಮರ, ತುಕ್ಕು ಹಿಡಿದ ಮೊಳೆ, ಹೀಗೆ. ನಾನು ಹನ್ನೆರಡನ್ನೂ ಹೇಳಿದೆ. ಹದಿಮೂರನೆಯದಾಗಿ ಅಜ್ಜ ಜೇಬಿನಲ್ಲಿಟ್ಟುಕೊಂಡಿದ್ದ ಕಿತ್ತಳೆ ಸಿಪ್ಪೆಯನ್ನೂ ಹೇಳಿದೆ. "ನಿನ್ನ ದೊಡ್ಡ ಮಗಳನ್ನ ನನಗೆ ಬಿಡು, ನನ್ನ ಕುರ್ಚಿ ಇವಳದೇ" ಎಂದು ಅವರು ಅಪ್ಪನಿಗೆ ಹೇಳಿದರು. ಮೂರು ವರ್ಷ ಅವರ ಪಕ್ಕದಲ್ಲಿ ಕೂತು ಕಲಿತೆ.

ಇಪ್ಪತ್ತೊಂದರಲ್ಲಿ ಜ್ವರ ಬಂತು. ಹತ್ತು ದಿನ ಮಲಗಿ ಎದ್ದು ಅಡುಗೆಮನೆಗೆ ಹೋಗಿ ಹಾಲಿಟ್ಟೆ. ಹಾಲು ಉಕ್ಕಿ, ತಳ ಹಿಡಿದು, ಸೀದು ಕರಿಯಾಗುವವರೆಗೆ ಒಲೆಗೆ ಬೆನ್ನು ಮಾಡಿ ನಿಂತಿದ್ದೆ. ತಂಗಿಗೆ ಆಗ ಹತ್ತು ವರ್ಷ. ಅವಳು ಹೊರಗಿನಿಂದ ಓಡಿ ಬಂದು ಒಲೆ ಆರಿಸಿ, "ಅಕ್ಕ, ನಿನಗೆ ವಾಸನೆ ಬರ್ತಿಲ್ವಾ?" ಎಂದಳು. ಅವತ್ತಿನಿಂದ ಬಂದಿಲ್ಲ. ಮೂಗಜ್ಜ ನಾಲ್ಕು ವರ್ಷ ಕಾದರು. ಆಮೇಲೆ ಬೇರೆಯವರನ್ನು ಹುಡುಕಿದರು, ಯಾರೂ ಹೊಂದಲಿಲ್ಲ. ಕಡೆಗೆ ಇಪ್ಪತ್ತೈದು ತುಂಬಿದ ನನ್ನ ತಂಗಿಯನ್ನು ಕೂರಿಸಿದರು. ಅವಳು ಕಸಿದುಕೊಂಡಳು ಅಂತ ನಾನು ಹೇಳಲಾರೆ, ಖಾಲಿ ಕುರ್ಚಿಯಲ್ಲಿ ಕೂತಳು ಅಷ್ಟೆ. ಅವಳ ಮೇಲೆ ತಪ್ಪು ಹೊರಿಸಲು ಏನೂ ಸಿಗದಿರುವುದೇ ನನಗೆ ಹೆಚ್ಚು ಉರಿ.

ನನಗೆ ಉಳಿದದ್ದು ಹದಿನೇಳನೇ ಪೀಪಾಯಿ.

ನಾನು ಸೇರಿದ ವರ್ಷ ತುಂಬಿದ್ದು ಅದು. ಕಟ್ಟಿದವನು ಅಪ್ಪ, ಬಿರಡೆ ಬಡಿದವಳು ನಾನು. ತುಂಬುವಾಗ ಒಳಗಿದ್ದದ್ದು ನೀರಿನ ಬಣ್ಣದ, ಹಸಿ ಬಾರ್ಲಿ ಹಿಟ್ಟಿನ ವಾಸನೆಯ ಸಾರಾಯಿ. ಈಚೆಗೆ ಅದು ನಲವತ್ತೊಂದು ವರ್ಷದ ಸಿಂಗಲ್ ಮಾಲ್ಟ್ ಆಗಿತ್ತು. ಒಂದೇ ಕಾರ್ಖಾನೆಯದು, ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ ಮಾಡಿದ್ದು. ದಟ್ಟ ಜೇನಿನ ಬಣ್ಣ ಬಂದಿತ್ತು. ಅದರ ಬಣ್ಣ ನನಗೆ ಗೊತ್ತು, ತೂಕ ಗೊತ್ತು, ತಟ್ಟಿದರೆ ಬರುವ ಸದ್ದು ಗೊತ್ತು. ವಾಸನೆ ಗೊತ್ತಿಲ್ಲ. ನಾನು ನಲವತ್ತೊಂದು ವರ್ಷ ನೋಡಿಕೊಂಡದ್ದನ್ನು ತಂಗಿ ಮೂಸುತ್ತಿದ್ದಳು, ದೇಶ ದೇಶದಿಂದ ಬಂದವರು ಮೂಸುತ್ತಿದ್ದರು, ಕಾರು ಓಡಿಸಿಕೊಂಡು ಬಂದ ಡ್ರೈವರ್ ಕೂಡ ಮೂಸುತ್ತಿದ್ದ.

ಮರದ ಸಂದಿನಿಂದ ಪ್ರತಿವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಈ ಕಸುಬಿನವರು ಅದನ್ನು ದೇವತೆಗಳ ಪಾಲು ಅನ್ನುತ್ತಾರೆ. ದೇವತೆಗಳು ಕುಡಿದು ಹೋದಮೇಲೆ ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ, ಅದನ್ನು ಉಜ್ಜುವವಳು ನಾನು. ನಮ್ಮದು ತಂಪಾದ, ತೇವದ ಗೋದಾಮು. ಇಂಥ ಕಡೆ ನೀರಿಗಿಂತ ಆಲ್ಕೋಹಾಲೇ ಬೇಗ ಹೋಗುತ್ತದೆ. ತುಂಬಿದಾಗ ನೂರಕ್ಕೆ ಅರವತ್ತಮೂರಿದ್ದದ್ದು ವರ್ಷಕ್ಕೆ ಅರ್ಧದಂತೆ, ಕೆಲವು ವರ್ಷ ಇನ್ನೂ ಹೆಚ್ಚಾಗಿ, ಇಳಿಯುತ್ತ ಬಂದಿತ್ತು. ನಲವತ್ತು ಎಂಬುದು ಕಾನೂನಿನ ಗೆರೆ. ಅದರಿಂದ ಒಂದು ಕೂದಲೆಳೆ ಕೆಳಗೆ ಇಳಿದರೂ ಅದನ್ನು ವಿಸ್ಕಿ ಎಂದು ಕರೆಯುವಂತಿಲ್ಲ. ಬೇರೆ ಪೀಪಾಯಿಯದನ್ನು ಬೆರೆಸಿ ಮೇಲಕ್ಕೆತ್ತಬಹುದು, ಆದರೆ ಬಾಟಲಿಯ ಮೇಲೆ ಬರೆಯಬೇಕಾದ್ದು ಒಳಗಿರುವ ಅತಿ ಚಿಕ್ಕದರ ವಯಸ್ಸು. ಆ ಕಾಲದ ಪೀಪಾಯಿ ನಮ್ಮಲ್ಲಿ ಇದೊಂದೇ ಉಳಿದಿತ್ತು. ಬೆರೆಸಿದರೆ ನಲವತ್ತೊಂದು ವರ್ಷ ನೀರಿನಲ್ಲಿ ಹೋಮ ಮಾಡಿದಂತೆ. ತಾಳಿದವನು ಬಾಳಿಯಾನು ಅನ್ನುವ ಮಾತು ಈ ಕಸುಬಿನಲ್ಲಿ ಒಂದು ಹಂತದವರೆಗೆ ಮಾತ್ರ ನಿಜ.

ಹೋದ ವರ್ಷ ಹಳೆಯ ವಿಸ್ಕಿ ಪ್ರಿಯರ ಸಂಘದವರು ಬಂದರು. ಇಡೀ ಪೀಪಾಯಿಯನ್ನೇ ಅವರು ಕಾದಿರಿಸಿದ್ದರು. ಒಬ್ಬ ಗಡಿಯಾರ ರಿಪೇರಿಯವರು, ಒಬ್ಬ ಹಡಗಿನ ಕ್ಯಾಪ್ಟನ್, ಮುಖ್ಯಸ್ಥರಾಗಿ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು. ಎಲ್ಲರೂ ಒಂದೊಂದು ಚಮಚದಷ್ಟು ಲೋಟಕ್ಕೆ ಹಾಕಿಸಿಕೊಂಡು ಅರ್ಧ ಗಂಟೆ ಕುಡಿಯದೇ ನಿಂತರು. ಕ್ಯಾಪ್ಟನ್ ಹಳೆಯ ಪುಸ್ತಕದ ವಾಸನೆ ಅಂದರು. ಗಡಿಯಾರದವರು ಅಲ್ಲ, ಮೇಣ ಉಜ್ಜಿದ ಮೇಜು ಅಂದರು. ಇಬ್ಬರಿಗೂ ಸಣ್ಣಗೆ ಜಗಳವೇ ಆಯಿತು. ನಾನು ಟಾರ್ಚು ಹಿಡಿದುಕೊಂಡು ನಿಂತಿದ್ದೆ. ಡಾಕ್ಟರು ಮಾತ್ರ ಬಗ್ಗಿ, ರೋಗಿಯ ಕೆನ್ನೆ ಮುಟ್ಟುವ ಹಾಗೆ ಪೀಪಾಯಿಗೆ ಅಂಗೈ ಇಟ್ಟರು.

"ಏನನ್ನ ಬೇಕಾದ್ರೂ ಬೇಗ ಮಾಡಬಹುದು ಮೇಡಂ" ಎಂದು ತಂಗಿಗೆ ಹೇಳಿದರು. "ಮನೆ ಕಟ್ಟಬಹುದು, ಹಲ್ಲು ಕಟ್ಟಬಹುದು. ಇದನ್ನ ಮಾತ್ರ ಯಾರೂ ಬೇಗ ಮಾಡೋಕಾಗಲ್ಲ. ಅದಕ್ಕೇ ನಮಗೆಲ್ಲ ಇದರ ಹುಚ್ಚು. ನೀವು ಇಷ್ಟು ವರ್ಷ ಕಾದಿದ್ದೀರಲ್ಲ, ನಿಮಗೆ ಕೈ ಮುಗೀಬೇಕು."

ಕಾದವಳು ಟಾರ್ಚು ಹಿಡಿದಿದ್ದಳು. ತಂಗಿ "ಅಕ್ಕನೂ" ಎಂದು ನನ್ನ ಕಡೆ ಕೈ ತೋರಿಸಿದಳು. ಡಾಕ್ಟರು ನನ್ನನ್ನು ನೋಡಿ ನಕ್ಕು, "ಅಮ್ಮಾ, ಬೆಳಕು ಸ್ವಲ್ಪ ಈ ಕಡೆ" ಎಂದರು.

ಹೋಗುವ ಮುಂಚೆ ಅವರು ಒಂದು ಮಾತು ಕೇಳಿದರು. ಮುಂದಿನ ವರ್ಷ ಅವರ ಸಂಘಕ್ಕೆ ಇಪ್ಪತ್ತೈದು ತುಂಬುತ್ತದೆ. ಪೀಪಾಯಿಯನ್ನು ಇನ್ನೊಂದು ವರ್ಷ ಹಾಗೇ ಬಿಟ್ಟರೆ ಆ ದಿನಕ್ಕೆ ತೆರೆಯಬಹುದು, ಆಗುತ್ತದೆಯೇ ಎಂದು. ತಂಗಿ ಯೋಚಿಸಿ ನಾಳೆ ಹೇಳುತ್ತೇನೆ ಎಂದಳು.

ಮಾರನೇ ದಿನ ಬೆಳಿಗ್ಗೆ ನಾನು ಅಳತೆಯ ಕೋಣೆಯಲ್ಲಿ ಹದಿನೇಳರ ಮಾದರಿಯನ್ನು ಉದ್ದನೆಯ ಗಾಜಿನ ಪಾತ್ರೆಗೆ ಸುರಿದು ತೇಲುಕಡ್ಡಿ ಬಿಟ್ಟಿದ್ದೆ. ತೇಲುಕಡ್ಡಿ ಎಷ್ಟು ಮುಳುಗುತ್ತದೋ ಅಷ್ಟು ಆಲ್ಕೋಹಾಲ್. ಆದರೆ ಮಾದರಿ ಬೆಚ್ಚಗಿದ್ದರೆ ಕಡ್ಡಿ ಇರಬೇಕಾದ್ದಕ್ಕಿಂತ ಹೆಚ್ಚು ಮುಳುಗಿ ಹೆಚ್ಚು ತೋರಿಸುತ್ತದೆ. ಅದಕ್ಕೇ ಥರ್ಮಾಮೀಟರ್ ಇಟ್ಟು, ಶಾಖಕ್ಕೆ ತಕ್ಕ ತಿದ್ದುಪಡಿಯ ಪಟ್ಟಿ ನೋಡಿ, ಹೆಚ್ಚಾದದ್ದನ್ನು ಕಳೆಯಬೇಕು. ಅಂದು ಕಿಟಕಿಯಿಂದ ಬಿಸಿಲು ನೇರ ಪಾತ್ರೆಯ ಮೇಲೆ ಬಿದ್ದಿತ್ತು. ಕಡ್ಡಿ ತೋರಿಸಿದ್ದು ನಲವತ್ತೊಂದು ಪಾಯಿಂಟ್ ಮೂರು. ಪಟ್ಟಿಯ ಪ್ರಕಾರ ನಿಜವಾದದ್ದು ನಲವತ್ತು ಪಾಯಿಂಟ್ ನಾಲ್ಕು. ಇನ್ನೊಂದು ವರ್ಷ ಬಿಟ್ಟರೆ ಗೆರೆ ದಾಟುವುದು ಖಂಡಿತ.

ತಂಗಿ ಲೋಟ ಹಿಡಿದುಕೊಂಡು ಕೆಳಗೆ ಬಂದಳು.

"ಅಕ್ಕ, ಇದು ಯಾಕೋ ತೆಳ್ಳಗಾಗಿದೆ ಅನಿಸ್ತಿದೆ. ಮೊದಲಿನ ಥರ ಮೂಗಲ್ಲಿ ನಿಲ್ತಾ ಇಲ್ಲ. ನನ್ನ ಕೇಳಿದ್ರೆ ಈ ವಾರಾನೇ ತೆಗೆದುಬಿಡಬೇಕು. ಆದರೆ ಡಾಕ್ಟ್ರು ಅಷ್ಟು ಆಸೆಯಿಂದ ಕೇಳಿದ್ರಲ್ಲ. ನಿನ್ನ ಅಂಕಿ ಏನು ಹೇಳ್ತದೆ?"

ನನ್ನ ಕೈ ಪಟ್ಟಿಯ ಮೇಲೆಯೇ ಇತ್ತು. ಅಳೆಯದೆ, ನೋಡದೆ, ಮೂಸಿದ ಮಾತ್ರಕ್ಕೆ ಅವಳಿಗೆ ಗೊತ್ತಾಗಿಬಿಟ್ಟಿತ್ತು. ಮೂಗಜ್ಜ ನನಗೆ ಕಲಿಸಿದ್ದು ಇದನ್ನೇ. ಆ ಗಳಿಗೆಯಲ್ಲಿ ನನ್ನೊಳಗೆ ಎದ್ದದ್ದಕ್ಕೆ ಬೇರೆ ಹೆಸರಿಲ್ಲ, ಹೊಟ್ಟೆಕಿಚ್ಚೇ. ಒಂದೇ ಒಂದು ಸಲ, ಎಲ್ಲರ ಎದುರಿಗೆ, ಈ ಮೂಗು ತಪ್ಪಬೇಕು ಅನಿಸಿತು.

"ನಲವತ್ತೊಂದು ಪಾಯಿಂಟ್ ಮೂರು" ಎಂದೆ.

"ಹೌದಾ?"

"ಕಣ್ಣಿಗೆ ಕಾಣ್ತಿದೆಯಲ್ಲ, ನೋಡು. ಗಾಜು ಸುಳ್ಳು ಹೇಳ್ತದಾ?"

ಅವಳು ಬಗ್ಗಿ ಕಡ್ಡಿಯನ್ನು ನೋಡಿದಳು. ಪಟ್ಟಿಯನ್ನು ನೋಡಲಿಲ್ಲ, ಅದು ನನ್ನ ಕೆಲಸ. ಅದಕ್ಕೂ ಹಿಂದಿನ ವರ್ಷ ನಲವತ್ತು ಪಾಯಿಂಟ್ ಒಂಬತ್ತು ಇತ್ತು. ಇಳಿಯಬೇಕಾದ್ದು ಏರಿದ್ದು ಹೇಗೆ ಎಂದು ಪುಸ್ತಕ ತೆರೆದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ತೆರೆಯಲಿಲ್ಲ.

"ಹಾಗಾದ್ರೆ ಒಂದು ವರ್ಷ ತಡೀತದೆ."

"ಧಾರಾಳವಾಗಿ ತಡೀತದೆ."

"ಮತ್ತೆ ನನಗ್ಯಾಕೆ ತೆಳ್ಳಗೆ ಅನಿಸ್ತು?"

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಮೂಗು ನೋಡ್ಕೋ ಪುಟ್ಟಿ" ಎಂದೆ. "ನನಗೂ ಮೊದಲು ಹಾಗೇ ಶುರುವಾಗಿದ್ದು. ಎಲ್ಲಾ ತೆಳ್ಳಗೆ ಅನಿಸೋದು."

ನನಗೆ ಹಾಗೆ ಶುರುವಾಗಿರಲಿಲ್ಲ. ಹತ್ತು ದಿನದ ಜ್ವರದಲ್ಲಿ ಒಟ್ಟಿಗೇ ಹೋಗಿತ್ತು. ಅವಳು ಲೋಟವನ್ನು ಮತ್ತೆ ಮೂಗಿಗೆ ಹಿಡಿದು ಮೆಟ್ಟಿಲು ಹತ್ತಿ ಹೋದಳು. ಅವಳು ಹೋದಮೇಲೆ ಪುಸ್ತಕದಲ್ಲಿ 40.4 ಎಂದು ಬರೆದೆ. ಬಾಯಲ್ಲಿ ಸುಳ್ಳು ಬಂತು, ಕೈಯಲ್ಲಿ ಬರಲಿಲ್ಲ. ಇದನ್ನು ನನ್ನ ಒಳ್ಳೆಯತನ ಅಂತ ಯಾರೂ ತಿಳಿಯಬೇಡಿ, ಬರೀ ಅಭ್ಯಾಸ.

ಆ ವರ್ಷ ತಂಗಿ ಸಿಕ್ಕಿದ್ದನ್ನೆಲ್ಲ ಮೂಸಿದಳು. ಊಟದ ಕೋಣೆಯಲ್ಲಿ ಚಹಾ ಬಂದರೆ ಕುಡಿಯುವ ಮುಂಚೆ ಎರಡು ಸಲ ಮೂಸುವಳು, ಕೈ ತೊಳೆದು ಬಂದು ಬೆರಳು ಮೂಸುವಳು. ಭಾನುವಾರ ಫೋನು ಮಾಡಿ, "ಅಕ್ಕ, ನಿನಗೆ ಮೊದಲು ಯಾವ ವಾಸನೆ ಹೋಯ್ತು, ಸಿಹಿಯದಾ ಖಾರದ್ದಾ?" ಎಂದು ಕೇಳುವಳು. ನಾನು ಬಾಯಿಗೆ ಬಂದದ್ದು ಹೇಳುವೆ. ಮೂಗಿನ ಡಾಕ್ಟರ ಹತ್ತಿರ ಹೋದಳು, ಅವರು ಏನೂ ಇಲ್ಲ ಅಂದರೂ ನಂಬಲಿಲ್ಲ. ಮೇಲಿನ ಕೋಣೆಯಲ್ಲಿ ತಾನೇ ತೀರ್ಮಾನಿಸುತ್ತಿದ್ದ ಪೀಪಾಯಿಗಳಿಗೂ ನನ್ನ ಅಂಕಿ ಕೇಳಲು ದಿನಕ್ಕೊಮ್ಮೆ ಕೆಳಗೆ ಬರತೊಡಗಿದಳು. ನನ್ನ ಹತ್ತಿರ ಸ್ಟೂಲಿನ ಮೇಲೆ ಕೂತು, ಅಂಕಿ ಬರೆದುಕೊಂಡು, ಸ್ವಲ್ಪ ಹೊತ್ತು ಕೂತಿದ್ದು ಹೋಗುವಳು. ಇಪ್ಪತ್ತಮೂರು ವರ್ಷದಲ್ಲಿ ಅವಳಿಗೆ ನನ್ನ ಅಗತ್ಯ ಬಿದ್ದದ್ದು ಅದೇ ಮೊದಲು. ನನಗೆ ಖುಷಿಯಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಇತ್ತ ದಿನಕ್ಕೆರಡು ಸಲ ಹದಿನೇಳರ ಹತ್ತಿರ ಹೋಗಿ ಬರುತ್ತಿದ್ದೆ. ತಂಗಿಯ ಮಾನ ಹೋಗಬೇಕು, ಪೀಪಾಯಿ ಉಳಿಯಬೇಕು, ಎರಡೂ ಬೇಕಿತ್ತು ನನಗೆ. ಬಿರಡೆಗೆ ಹೊಸ ಬಟ್ಟೆ ಸುತ್ತಿ ಬಿಗಿದೆ. ಒಣಗಿದ ಜಾಗದಲ್ಲಿ ಇಳಿಯುವುದು ನಿಧಾನ ಅಂತ ಅದನ್ನು ಮೇಲಿನ ಸಾಲಿಗೆ ಏರಿಸಿದೆ. ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವವರ ಗಾದೆ ಕೇಳಿದ್ದೆ. ಕೊಯ್ದುಕೊಂಡಮೇಲೆ ರಕ್ತ ನಿಲ್ಲಿಸಲು ಹತ್ತಿ ಹುಡುಕುವವರು ಇರುತ್ತಾರೆ ಎಂದು ಯಾರೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಹೇಳಿಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿ ಮೇಲೆ ಹೋದೆ. ಇನ್ನೂ ಆರು ತಿಂಗಳಿತ್ತು. ಅವತ್ತೇ ಪೀಪಾಯಿ ಖಾಲಿ ಮಾಡಿ ಬಾಟಲಿಗೆ ತುಂಬಿದ್ದರೆ ಎಲ್ಲ ಉಳಿಯುತ್ತಿತ್ತು. ಅವಳು ಕೋಣೆಯಲ್ಲಿರಲಿಲ್ಲ. ಮೇಜಿನ ಮೇಲೆ ಒಂದು ಪತ್ರಿಕೆ ತೆರೆದು ಬಿದ್ದಿತ್ತು, ಅರ್ಧ ಪುಟ ಅವಳ ಫೋಟೋ. ಕೆಳಗೆ ಬರೆದಿದ್ದರು: ಹದಿನೇಳನೇ ಪೀಪಾಯಿಯನ್ನು ಮಗುವಿನಂತೆ ಸಾಕಿ ಬೆಳೆಸಿದ ತಾಯಿ. ನಾನು ಅದನ್ನು ಎರಡು ಸಲ ಓದಿದೆ. ಪತ್ರಿಕೆಯನ್ನು ಇದ್ದ ಹಾಗೇ ಇಟ್ಟು ಕೆಳಗಿಳಿದು ಬಂದೆ.

ದಿನ ಬಂತು. ಸಂಘದವರು ಹನ್ನೊಂದು ಜನ ಬಂದಿದ್ದರು, ಡಾಕ್ಟರು ಹೊಸ ಕೋಟು ಹಾಕಿದ್ದರು. ಈ ಸಲ ಅಳತೆ ಅವರ ಎದುರಿಗೇ ಆಗಬೇಕು. ನಾನು ಕೊಳವೆ ಇಳಿಸಿ ಮಾದರಿ ತೆಗೆದು ಪಾತ್ರೆಗೆ ಸುರಿದೆ, ಕಡ್ಡಿ ಬಿಟ್ಟೆ, ಥರ್ಮಾಮೀಟರ್ ನೋಡಿದೆ, ಪಟ್ಟಿ ನೋಡಿದೆ. ಇನ್ನೊಮ್ಮೆ ನೋಡಿದೆ. ಬೇರೆ ಕಡ್ಡಿ ತಂದು ಮತ್ತೆ ಅಳೆದೆ.

"ಮೂವತ್ತೊಂಬತ್ತು ಪಾಯಿಂಟ್ ಒಂಬತ್ತು" ಎಂದೆ.

ಈ ಜನಕ್ಕೆ ಆ ಅಂಕಿಯ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಕ್ಯಾಪ್ಟನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಡಾಕ್ಟರು ಸ್ಟೂಲಿನ ಮೇಲೆ ಕೂತು, "ನಾನೇ ಕೇಳ್ಕೊಂಡಿದ್ದು. ಇಪ್ಪತ್ತೈದನೇ ವರ್ಷ ಅಂತ ಹಟ ಹಿಡಿದಿದ್ದು ನಾನೇ" ಎಂದರು.

"ಇಲ್ಲ ಡಾಕ್ಟ್ರೇ, ಬಿಡಬಹುದು ಅಂತ ಹೇಳಿದ್ದು ನಾನು" ಎಂದಳು ತಂಗಿ. "ತಪ್ಪು ನನ್ನದು." ನನ್ನ ಹೆಸರು ಅವಳ ಬಾಯಿಂದ ಬರಲಿಲ್ಲ.

ನಾನು ಬಯಸಿದ್ದು ನಡೆದಿತ್ತು. ಎಲ್ಲರ ಎದುರಿಗೆ ಅವಳು ತಲೆ ತಗ್ಗಿಸಿ ನಿಂತಿದ್ದಳು. ಅದರಿಂದ ಆಗಬೇಕಾಗಿದ್ದ ಸುಖಕ್ಕೆ ಕಾದೆ, ಬರಲಿಲ್ಲ. ನನ್ನ ಪೀಪಾಯಿ ಸತ್ತಿತ್ತು.

ಅವರೆಲ್ಲ ಹೋದಮೇಲೆ ತಂಗಿ ಪಾತ್ರೆಯಿಂದ ಲೋಟಕ್ಕೆ ಒಂದಿಷ್ಟು ಬಗ್ಗಿಸಿಕೊಂಡು ಮೂಸಿದಳು. ಬಹಳ ಹೊತ್ತು ಮೂಸಿದಳು. ನೋಡುತ್ತಿದ್ದಂತೆ ಅವಳ ಕಣ್ಣಲ್ಲಿ ನೀರು ಬಂತು, ಜೊತೆಗೇ ನಗುವೂ ಬಂತು.

"ಅಕ್ಕ, ನನ್ನ ಮೂಗು ಹೋಗಿಲ್ಲ" ಎಂದಳು. "ಹೋದ ವರ್ಷ ತೆಳ್ಳಗೆ ಅನಿಸಿದ್ದು ಸರಿಯಾಗೇ ಇತ್ತು. ನಾನು ಸರಿಯಾಗೇ ಮೂಸಿದ್ದೆ."

ಪೀಪಾಯಿ ಹೋದ ದಿನವೂ ಅವಳಿಗೆ ಏನೋ ಸಿಕ್ಕಿತ್ತು. ನಾನು ತೆತ್ತದ್ದು ಅವಳ ಮಡಿಲಿಗೇ ಬಿದ್ದಿತ್ತು. ನಿಜ ಹೇಳುತ್ತೇನೆ, ಆಗಲೂ ನನಗೆ ಉರಿಯಿತು.

ನಾನು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಂತೆ, "ಕೊಡು, ಇವತ್ತಿನದು ನಾನು ಬರೀತೀನಿ" ಎಂದು ಅವಳು ಪೆನ್ನು ತೆಗೆದುಕೊಂಡು ಪುಸ್ತಕ ತೆರೆದಳು. ಹದಿನೇಳರ ಪುಟದಲ್ಲಿ ಬೆರಳಿಟ್ಟು ಕೆಳಗೆ ಬಂದವಳು ಹಿಂದಿನ ವರ್ಷದ 40.4ರ ಸಾಲಿನಲ್ಲಿ ನಿಂತಳು. ಬರವಣಿಗೆ ನನ್ನದು. ಅವಳು ಅದನ್ನು ಓದಿದಳು, ಕಿಟಕಿ ನೋಡಿದಳು, ಪಟ್ಟಿ ನೋಡಿದಳು. ಪೆನ್ನನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು.

"ಅವತ್ತು ಹೇಳುವಾಗ ಕಳೆಯೋದು ಮರೆತಿದ್ಯಾ?"

ಹೌದು ಅಂದಿದ್ದರೆ ನಂಬುತ್ತಿದ್ದಳು. ಅಷ್ಟು ನಂಬಿಕೆಯನ್ನೂ ನನ್ನಿಂದ ಸಹಿಸಲಾಗಲಿಲ್ಲ.

"ಇಲ್ಲ" ಎಂದೆ.

"ಒಂದು ವರ್ಷ ಅಕ್ಕ. ದಿನಾ ಬೆಳಿಗ್ಗೆ ಎದ್ದ ತಕ್ಷಣ ದಿಂಬು ಮೂಸಿ ನೋಡ್ತಿದ್ದೆ, ಇವತ್ತು ಇದೆಯಾ ಇಲ್ವಾ ಅಂತ. ಆ ಭಯ ಎಂಥದ್ದು ಅಂತ ಬೇರೆ ಯಾರಿಗೂ ಗೊತ್ತಾಗಲ್ಲ. ನಿನಗೆ ಗೊತ್ತು."

"ಗೊತ್ತು."

"ಗೊತ್ತಿದ್ದೂ ಮಾಡಿದ್ಯಾ?"

"ಗೊತ್ತಿದ್ದೇ ಮಾಡಿದೆ."

ಅವಳು ಕೂಗಲಿಲ್ಲ, ಅಳಲಿಲ್ಲ. ಕೂಗಿದ್ದರೆ ನಾನೂ ಕೂಗಬಹುದಿತ್ತು, ಇಪ್ಪತ್ತಮೂರು ವರ್ಷದ್ದೆಲ್ಲ ಹೇಳಬಹುದಿತ್ತು. ಪುಸ್ತಕದಲ್ಲಿ ಅಂದಿನ ಅಂಕಿ ಬರೆದು ಮುಚ್ಚಿ, ಲೋಟ ತೊಳೆದು ಬೋರಲು ಹಾಕಿ ಹೋದಳು. ಮ್ಯಾನೇಜರಿಗೆ ಅವಳು ಏನು ಹೇಳಿದಳೋ ಗೊತ್ತಿಲ್ಲ, ನನ್ನನ್ನು ಯಾರೂ ಕರೆಸಲಿಲ್ಲ. ಗುರುವಾರ ಹದಿನೇಳನ್ನು ಖಾಲಿ ಮಾಡಿ ಒಂಬತ್ತು ವರ್ಷದ ವಿಸ್ಕಿಯ ದೊಡ್ಡ ತೊಟ್ಟಿಗೆ ಸುರಿದರು. ಬಿರಡೆ ಬಿಚ್ಚಿದವಳು ನಾನೇ.

ನನ್ನ ನಿವೃತ್ತಿಗೆ ಇನ್ನು ಏಳು ತಿಂಗಳಿದೆ. ತಂಗಿ ಈಗಲೂ ನನ್ನನ್ನು ಅಕ್ಕ ಎಂದೇ ಕರೆಯುತ್ತಾಳೆ, ಊಟದ ಕೋಣೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಾಳೆ, ಉಪ್ಪು ಕೇಳಿದರೆ ಕೊಡುತ್ತಾಳೆ. ಪ್ರತಿದಿನ ಹನ್ನೊಂದು ಗಂಟೆಗೆ ಕೆಳಗೆ ಬರುತ್ತಾಳೆ. ನಾನು ಅಂಕಿ ಹೇಳುತ್ತೇನೆ. ಅವಳು ತಲೆಯಾಡಿಸಿ, ಕಡ್ಡಿ ಒರೆಸಿ, ಪಟ್ಟಿ ಎಳೆದುಕೊಂಡು ಮತ್ತೆ ಅಳೆಯುತ್ತಾಳೆ.